ಬಣವೆಯ ಕೆಳಗಿನ ಜೋಳ

ನಾನಿನ್ನೂ ಏಳು ವರ್ಷದ ಚಿಕ್ಕವನಿದ್ದಾಗ ನಮ್ಮೂರಿಗೆ ಇಬ್ಬರು ದೊರೆಗಳಿದ್ದರು. ಹತ್ತಿರದವನು ಹೈದರಾಬಾದಿನ ನಿಜಾಮ. ಅವನ ಮೇಲೆ, ಸಮುದ್ರದಾಚೆ, ಇಂಗ್ಲಿಷರ ರಾಜ. ಯಲಬುರ್ಗಾದಿಂದ ಒಂದು ಹರದಾರಿ ದೂರದ ನಮ್ಮ ಊರಲ್ಲಿ ಇಬ್ಬರನ್ನೂ ಕಣ್ಣಾರೆ ಕಂಡವರಿರಲಿಲ್ಲ. ಆದರೂ ಅಪ್ಪನಿಗೆ ಅವರ ಮೇಲೆ ಬಲು ನಂಬಿಕೆ. "ಸರಕಾರ ಅಂದ್ರ ತಂದಿ-ತಾಯಿ ಇದ್ದಂಗ" ಎನ್ನುತ್ತಿದ್ದ. ಕಂದಾಯದ ಸಾಹೇಬ ಊರಿಗೆ ಬಂದರೆ ಅಪ್ಪ ಚಪ್ಪಲಿ ಕಳಚಿ ಎದ್ದು ನಿಲ್ಲುತ್ತಿದ್ದ, ಬೆಲ್ಲ ಹಾಕಿ ಕಾಯಿಸಿದ ಹಾಲು ಕೊಡಿಸುತ್ತಿದ್ದ. ಇಂಗ್ಲಿಷರಿಗೂ ಜಪಾನಿನವರಿಗೂ ಯುದ್ಧ ಹತ್ತಿದಾಗ ಅಕ್ಕನ ಗಂಡ ದಂಡು ಸೇರಿ ಬರ್ಮಾ ದೇಶಕ್ಕೆ ಹೋದ. ಅಕ್ಕ ಎಳೆಗೂಸನ್ನು ಎತ್ತಿಕೊಂಡು ಅಳುತ್ತಾ ತವರಿಗೆ ಬಂದಳು. ಅಪ್ಪ ಮಾತ್ರ ಚಾವಡಿಯಲ್ಲಿ ಮೀಸೆ ತಿರುವಿ, "ನಮ್ಮ ಅಳಿಯ ದೊರಿ ದಂಡಿನಾಗ ಅದಾನ" ಎಂದು ಹೇಳಿಕೊಂಡು ತಿರುಗಿದ.

ಮೊದಲು ಯುದ್ಧ ಆಳುಗಳನ್ನು ಕೇಳಿತು. ಆಮೇಲೆ ಜೋಳವನ್ನು ಕೇಳಿತು. ದಂಡಿನವರು ಉಣ್ಣಬೇಕಲ್ಲ, ಪ್ರತಿ ರೈತನೂ ಬೆಳೆದದ್ದರಲ್ಲಿ ಸರಕಾರ ಹೇಳಿದಷ್ಟನ್ನು ಸರಕಾರ ಹೇಳಿದ ದರಕ್ಕೆ ಕೊಡಬೇಕು ಎಂದು ಡಂಗುರ ಹೊಡೆಸಿದರು. ಅದಕ್ಕೆ ಲೆವಿ ಎಂದು ಹೆಸರು. ಆ ವರ್ಷ ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೇ ನಿಂತಿತ್ತು. ಕೇಳಿದಷ್ಟು ಕೊಟ್ಟರೆ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ.

ನಮ್ಮ ಕಡೆ ಜೋಳವನ್ನು ನೆಲದೊಳಗೆ ಇಡುತ್ತಿದ್ದರು. ಬಾವಿಯಂತೆ ತೋಡಿ, ಒಳಗೆಲ್ಲ ಕಣಿಕೆ, ಅಂದರೆ ಜೋಳದ ಒಣ ದಂಟು, ಹೊಂದಿಸಿ, ಜೋಳ ತುಂಬಿ, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದೇ ಹಗೇವು. ನಮ್ಮ ಅಂಗಳದಲ್ಲಿ ಎರಡು ಹಗೇವುಗಳಿದ್ದವು. ಒಂದನ್ನು ಅಪ್ಪ ಸರಕಾರಕ್ಕೆ ಬರೆಸಿದ. ಇನ್ನೊಂದರ ಬಾಯಿಯ ಮೇಲೆ ಕಣಿಕೆಯ ಬಣವೆ ಒಟ್ಟಿದ. ಬಣವೆ ಒಟ್ಟುವಾಗ ಅಪ್ಪನ ಜೊತೆ ಕೈ ಜೋಡಿಸಿದವನು ಪಕ್ಕದ ಮನೆಯ ಕಾಕಾ.

ಕಾಕಾ ಹತ್ತಿ ಹಿಂಜುವವನು. ಅವನ ಬಿಲ್ಲಿನ ನಾರಿ ಟಂಯ್ ಟಂಯ್ ಎನ್ನುತ್ತಿದ್ದರೆ ಓಣಿಗೆಲ್ಲ ಹತ್ತಿಯ ಎಳೆ ಹಾರಿ ಬರುತ್ತಿತ್ತು. ಅವನ ಹುಬ್ಬುಗಳ ಮೇಲೆ ಯಾವಾಗಲೂ ಬಿಳಿ ಧೂಳು. ನಾನು ಮಲಗುವ ಗಾದಿಯೊಳಗಿನ ಹತ್ತಿಯೂ ಅವನೇ ಹಿಂಜಿದ್ದು. ಅಪ್ಪನನ್ನು ಅವನು ಅಣ್ಣಾ ಎಂದೇ ಕರೆಯುತ್ತಿದ್ದ. ಊರಲ್ಲಿ ಉರ್ದು ಚೆನ್ನಾಗಿ ಬರುತ್ತಿದ್ದುದು ಅವನೊಬ್ಬನಿಗೇ. ಸಾಹೇಬರಿಗೆ ಕನ್ನಡ ಬಾರದು. ಹಾಗಾಗಿ ಲೆವಿಯ ಸಾಹೇಬ ಬಂದ ದಿನ ಮಾತು ತಿಳಿಸಲು ಕಾಕಾನನ್ನೇ ಕರೆಸಿದರು.

ಮುಂಜಾನೆಯೇ ಬಿಸಿಲು ಚುರುಗುಡುತ್ತಿತ್ತು. ಬರೆಸಿದ್ದ ಹಗೇವಿನ ಜೋಳವನ್ನು ಚೀಲಕ್ಕೆ ತುಂಬಿ, ಅಳೆಸಲು ಅಪ್ಪ ಬಂಡಿಯ ಜೊತೆ ಚಾವಡಿಗೆ ಹೋದ. ಅಕ್ಕ ಒಳಗೆ ಬೀಸುತ್ತಿದ್ದಳು. ಬೀಸುಕಲ್ಲಿನ ಗುರ್ ಗುರ್ ಸದ್ದಿನಲ್ಲಿ ಅವಳಿಗೆ ಹೊರಗಿನದೇನೂ ಕೇಳುತ್ತಿರಲಿಲ್ಲ. ಸಾಹೇಬ ನಮ್ಮ ಅಂಗಳದ ಬೇವಿನ ನೆರಳಲ್ಲಿ ಕುಳಿತು ಅಪ್ಪ ಕೊಡಿಸಿದ ಹಾಲು ಕುಡಿಯುತ್ತಿದ್ದ. ಪಕ್ಕದಲ್ಲಿ ಇಬ್ಬರು ಜವಾನರು, ಎದುರಿಗೆ ಕಾಕಾ. ನಾನು ಸಾಹೇಬನ ಹೊಳೆಯುವ ಬೂಟುಗಳನ್ನೇ ನೋಡುತ್ತಾ ನಿಂತಿದ್ದೆ. ಆತ ನನ್ನನ್ನು ಕರೆದು ಏನೋ ಕೇಳಿದ. "ನಿಮ್ಮಕ್ಕನ ಗಂಡ ದಂಡಿನಾಗ ಅದಾನೇನು ಅಂತ ಕೇಳಾಕತ್ಯಾರಪ್ಪ" ಎಂದ ಕಾಕಾ. ನಾನು ಹೌದೆಂದು ತಲೆ ಕುಣಿಸಿದೆ. "ಶಾಬಾಶ್!" ಎಂದು ಸಾಹೇಬ ಬೆನ್ನು ತಟ್ಟಿದ. ಆಮೇಲೆ ಬರಿದಾದ ಹಗೇವಿನ ಕಡೆ ನೋಡಿ ಇನ್ನೇನೋ ಅಂದ. ಜವಾನರು ನಕ್ಕರು. ಅವರಲ್ಲೊಬ್ಬ ನಮ್ಮ ಮಾತಿನಲ್ಲೇ, "ಸಿಪಾಯಿ ಮನ್ಯಾಗ ಇಷ್ಟ ಜ್ವಾಳ ಏನೋ? ಭಾಳ ಬಡವ್ರಪ್ಪ ನೀವು" ಎಂದ.

ನನಗೆ ಕಿವಿ ಬಿಸಿಯಾಯಿತು. "ನಾವೇನ ಬಡವ್ರಲ್ಲ! ನಮ್ಮ ಬಣವಿ ತೆಳಗ ಇದಕ್ಕಿಂತ ದೊಡ್ಡ ಹಗೇವು ಐತಿ!" ಎಂದು ಕೂಗಿಬಿಟ್ಟೆ.

ಆ ಜವಾನ ಎದ್ದುನಿಂತ. ಸಾಹೇಬ ಏನೆಂದು ಕೇಳಿದ. ಜವಾನ ಬಾಯಿ ತೆರೆಯುವ ಮೊದಲೇ ಕಾಕಾ ನಗುನಗುತ್ತಾ ಉರ್ದುವಿನಲ್ಲಿ ಏನೇನೋ ಹೇಳಿ ಬಣವೆಯ ಕಡೆ ಕೈ ಮಾಡಿದ. ಅದರಲ್ಲಿ ನನಗೆ ಗೊತ್ತಾದದ್ದು ಘಾಸ್ ಎಂಬ ಒಂದೇ ಮಾತು. ಘಾಸ್ ಎಂದರೆ ಹುಲ್ಲು. ಹುಡುಗ ಮೇವಿನ ಬಡಾಯಿ ಕೊಚ್ಚುತ್ತಿದ್ದಾನೆ ಎಂದು ಹೇಳಿರಬೇಕು. ಸಾಹೇಬನೂ ನಕ್ಕು ಲೋಟ ಕೆಳಗಿಟ್ಟ. ಅವನು ನಕ್ಕದ್ದು ಕಂಡು, ತನಗೇಕೆ ಎಂದು ಜವಾನನೂ ಮತ್ತೆ ಕುಳಿತ. ಅಲ್ಲಿಗೆ ಎಲ್ಲವೂ ಮುಗಿದುಹೋಗುತ್ತಿತ್ತು.

ಕಾಕಾನಿಗೆ ನನ್ನ ಮಾತು ತಿಳಿಯಲಿಲ್ಲ ಎಂದುಕೊಂಡೆ. "ಹುಲ್ಲಲ್ಲ ಕಾಕಾ, ಜ್ವಾಳ!" ಎಂದು ಓಡಿ, ಬಣವೆಯ ಅಂಚಿಗೆ ಕಣಿಕೆ ಸರಿಸಿ, ಎರಡೂ ಕಾಲಲ್ಲಿ ಜಿಗಿದೆ. ನೆಲ ಕೆಳಗೆ ಟೊಳ್ಳಿದ್ದಂತೆ ದಬ್ ದಬ್ ಎಂದಿತು.

ಸಾಹೇಬನ ಮುಖದಲ್ಲಿ ನಗು ಉಳಿಯಲಿಲ್ಲ. ಜವಾನರು ಬಣವೆಗೆ ಕೈ ಹಚ್ಚಿದರು. ಕಲ್ಲು ಎತ್ತಿದಾಗ ಹಳೆಯ ಜೋಳದ ಹುಳಿ ವಾಸನೆ, ಒಲೆಯ ಬಾಯಿಯಿಂದ ಬಂದಂಥ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಅಕ್ಕ ಹಿಟ್ಟಿನ ಕೈಯಲ್ಲೇ ಕೂಸನ್ನೆತ್ತಿಕೊಂಡು ಓಡಿಬಂದಳು. "ನನ್ನ ಗಂಡ ನಿಮ್ಮ ಸಲುವಾಗಿ ದಂಡಿಗೆ ಹೋಗ್ಯಾನ್ರಿ! ಈ ಕೂಸಿನ ಬಾಯಾಗಿಂದು ಕಸಗೋಬ್ಯಾಡ್ರಿ!" ಎಂದು ಹಗೇವಿನ ಬಾಯಿಯ ಹತ್ತಿರವೇ ಕುಳಿತುಬಿಟ್ಟಳು. ಕಾಕಾ ಅದನ್ನು ಉರ್ದುವಿಗೆ ತಿರುಗಿಸಿ ಹೇಳಿದ. ಸಾಹೇಬ ಅವಳ ಕಡೆ ನೋಡಲಿಲ್ಲ. ಹುಕುಂ ಎಂದಷ್ಟೇ ಹೇಳಿದ. ಬೀಜಕ್ಕೆಂದು ಎರಡು ಚೀಲ ಬಿಟ್ಟು ಉಳಿದದ್ದನ್ನೆಲ್ಲ ತುಂಬಿಸಿದ.

ಆಗ ನನಗೆ ನಾನು ಮಾಡಿದ್ದೇನೆಂದು ತಿಳಿಯಿತು. ಅಕ್ಕನ ಸೆರಗಿನ ಹಿಂದೆ ಸರಿದೆ.

ಚಾವಡಿಯಿಂದ ಮರಳುತ್ತಿದ್ದ ಅಪ್ಪ ಓಣಿಯ ತುದಿಯಿಂದಲೇ ಕಂಡಿದ್ದು ಇಷ್ಟು: ಸಾಹೇಬನ ಪಕ್ಕ ನಿಂತು ಉರ್ದು ಮಾತಾಡುತ್ತಿರುವ ಕಾಕಾ, ಬಿಚ್ಚಿದ ಬಣವೆ. ಬಂಡಿಗಳು ಹೋದ ಮೇಲೆ ಅವನು ಕಾಕಾನ ಎದುರಿಗೆ ಬಂದು ನಿಂತ. "ಒಟ್ಟಿದಾವನೂ ನೀನ, ತೋರಿಸಿದಾವನೂ ನೀನ. ನನ್ನ ಹೊಸ್ತಿಲಾ ಇನ್ನ ತುಳಿಬ್ಯಾಡ" ಎಂದ. ಕಾಕಾ ಒಮ್ಮೆ ನನ್ನ ಕಡೆ ನೋಡಿದ. ನಾನು ಕಣ್ಣು ಮುಚ್ಚಿಕೊಂಡೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾಯುತ್ತಿದ್ದೆ. ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಆ ವರ್ಷ ನಾವು ಅಂಬಲಿ ಕುಡಿದೇ ದಿನ ನೂಕಿದೆವು. ಅಕ್ಕನಿಗೆ ಎದೆಹಾಲು ಬತ್ತಿತು, ಕೂಸು ಸಣಕಲಾಯಿತು. ಊರಲ್ಲಿ ಯಾರೂ ಕಾಕಾನಿಗೆ ಹತ್ತಿ ಹಿಂಜಲು ಕೊಡಲಿಲ್ಲ. ಮಳೆಗಾಲಕ್ಕೆ ಮುಂಚೆ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಿಲ್ಲು ಹೆಗಲಿಗೇರಿಸಿ ಗಂಗಾವತಿಯ ಕಡೆ ಹೊರಟುಹೋದ. ನಾನು ಬಾಗಿಲ ಸಂದಿಯಿಂದ ನೋಡಿದೆ.

ಅಪ್ಪನೂ ಮೊದಲಿನವನಾಗಿ ಉಳಿಯಲಿಲ್ಲ. ಮುಂದಿನ ಸಲ ಸಾಹೇಬ ಬಂದಾಗ ಅವನು ಕಟ್ಟೆಯಿಂದ ಏಳಲಿಲ್ಲ, ಹಾಲಿನ ಮಾತೂ ಆಡಲಿಲ್ಲ. ಊರಿನವರೂ ಹಾಗೆಯೇ ಕುಳಿತೇ ಇದ್ದರು. ಯುದ್ಧ ಮುಗಿದು ಅಕ್ಕನ ಗಂಡ ಕುಂಟುತ್ತಾ ಬಂದಾಗ ಅಪ್ಪ ಹೇಳಿದ್ದು ಒಂದೇ ಮಾತು: "ನೀ ಅಲ್ಲಿ ಅವರ ಸಲುವಾಗಿ ಬಂದೂಕ ಹಿಡದಿ, ಅವರು ಇಲ್ಲಿ ನಿನ್ನ ಹೆಂಡ್ತಿ ಮುಂದ ನಮ್ಮ ಹಗೇವು ಬಗದ್ರು." ತಂದೆ-ತಾಯಿ ಎಂಬ ಮಾತನ್ನು ಅವನು ಮತ್ತೆಂದೂ ಸರಕಾರಕ್ಕೆ ಹೇಳಲಿಲ್ಲ. ಕೆಲ ವರ್ಷಗಳಲ್ಲಿ ಇಂಗ್ಲಿಷರು ಹೋದರು, ನಿಜಾಮನ ಆಳಿಕೆಯೂ ಹೋಯಿತು. ನನ್ನೊಳಗಿನದು ಮಾತ್ರ ಹೋಗಲಿಲ್ಲ.

ಹದಿನಾರು ತುಂಬಿದ ಮೇಲೆ, ಒಂದು ದಿನ ಹೊಲದಲ್ಲಿ ಬುತ್ತಿ ಬಿಚ್ಚುವಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಬಡಿಯುತ್ತಾನೆ ಎಂದುಕೊಂಡಿದ್ದೆ. ಅವನು ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಕೆಳಗಿಟ್ಟ. ಮರುದಿನ ನನ್ನನ್ನು ಕರೆದುಕೊಂಡು ಗಂಗಾವತಿಗೆ ಹೋದ. ಕಾಕಾ ಗಾದಿ ಹೊಲಿಯುತ್ತಾ ಕುಳಿತಿದ್ದ. ಹುಬ್ಬುಗಳು ಈಗ ನಿಜವಾಗಿಯೂ ಬೆಳ್ಳಗಾಗಿದ್ದವು. ಅಪ್ಪ ಅವನ ಎರಡೂ ಕೈ ಹಿಡಿದುಕೊಂಡ. "ತಪ್ಪಾತೋ ತಮ್ಮಾ. ಊರಿಗೆ ಬಾ. ಅವತ್ತ ಯಾಕ ಬಾಯಿ ಬಿಡಲಿಲ್ಲ?"

"ಹುಡುಗನ್ನ ಕೊಂದಗಿಂದ ಬಿಟ್ಟೀರಿ ಅಂತ ಸುಮ್ಮನಾದ್ನಿರಿ ಗೌಡ್ರ" ಎಂದ ಕಾಕಾ. ಅಣ್ಣಾ ಅನ್ನಲಿಲ್ಲ. ಮೆಲ್ಲಗೆ ಕೈ ಬಿಡಿಸಿಕೊಂಡು ಮತ್ತೆ ಅಂದ: "ಸಿಟ್ಟ ಏನಿಲ್ರಿ. ಆದ್ರ ನೀವು ನನ್ನ ಒಂದ ಮಾತ ಕೇಳಲಿಲ್ಲಲ್ರಿ, ನೀನ ತೋರಿಸಿದ್ಯೇನು ಅಂತ. ಊರಿಗೆ ಮಾತ್ರ ನಾ ಬರಾಂಗಿಲ್ಲ."

ನಮಗೆ ಚಹಾ ಕುಡಿಸಿ, ರಸ್ತೆಯವರೆಗೆ ಬಂದು ಕಳಿಸಿದ. ನನ್ನ ತಲೆಯ ಮೇಲೆ ಕೈಯನ್ನೂ ಇಟ್ಟ. ಆ ಕೈ ಹಗುರವಾಗಿತ್ತು, ಆದರೆ ಇವತ್ತಿಗೂ ನನಗೆ ಅದರ ಭಾರ ಇಳಿದಿಲ್ಲ.

ಮೊಮ್ಮಕ್ಕಳೇ, ಇಷ್ಟು ವರ್ಷ ನಿಮ್ಮ ಮುಂದೆ ಬಾಯಿ ಬಿಡದವನು ಈಗ ಏಕೆ ಬರೆದೆ ಎಂದು ಕೇಳಬಹುದು. ಹೋದ ವಾರ ನಿಮ್ಮಲ್ಲೊಬ್ಬ ನಮ್ಮೂರಿಗೆ ಹೋಗಿಬಂದು, "ಅಜ್ಜಾ, ಯುದ್ಧದ ಕಾಲದಾಗ ಒಬ್ಬ ಹತ್ತಿ ಹಿಂಜಾವ ನಮ್ಮ ಮನಿ ಜ್ವಾಳ ತೋರಿಸಿಕೊಟ್ಟಿದ್ನಂತ, ಹೌದಾ?" ಎಂದು ಕೇಳಿದ. ಗಂಗಾವತಿಯಿಂದ ಬಂದ ಮೇಲೆ ಅಪ್ಪ ಚಾವಡಿಯಲ್ಲಿ ಎದ್ದು ನಿಂತು ನಿಜ ಹೇಳಿದ್ದ. ಜನ ಅದನ್ನು ಮರೆತು ಸುಳ್ಳನ್ನು ಮಾತ್ರ ಇಟ್ಟುಕೊಂಡಿದ್ದಾರೆ. ನಿಮಗೆ ಈಗ ಕಾರಟಗಿಯ ಗಿರಣಿಯಿಂದ ಹೊಲಿದ ಚೀಲದಲ್ಲಿ ಅಕ್ಕಿ ಬರುತ್ತದೆ. ಯುದ್ಧವೆಂದರೆ ಫೋನಿನಲ್ಲಿ ಕಾಣುವ ದೂರದ ಬೆಂಕಿ. ನಿಮ್ಮ ಅಂಗಳವನ್ನು ಯಾರೂ ಅಗೆಯುವುದಿಲ್ಲ. ನಮ್ಮ ಕಾಲದಲ್ಲಿ ಒಂದು ಸುಳ್ಳು ಓಣಿ ದಾಟಲು ಒಂದು ಹಗಲು ಬೇಕಾಗುತ್ತಿತ್ತು. ನಿಮ್ಮ ಕೈಯಲ್ಲಿ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಕುಷ್ಟಗಿ, ಕೊಪ್ಪಳ ಮುಟ್ಟುತ್ತದೆ. ಅಷ್ಟೇ ವೇಗವಾಗಿ ಇದನ್ನೂ ಕಳಿಸಿ: ಆ ಜೋಳ ತೋರಿಸಿದವನು ನಮ್ಮ ಅಜ್ಜ. ನನ್ನ ಹೆಸರು ಹಿಡಿದೇ ಹೇಳಿ.