ಕೆ.ಆರ್. ಪೇಟೆ ಬಂಕಿನಲ್ಲಿ ನಾನು ಹೇಳಿದ ಮಾತು

ಪ್ರೇಮಾ, ಆ ಬಾಡಿಗೆ ಕಾರಿಗೆ ಪೆಟ್ರೋಲ್ ಹಾಕಿಸಿದವಳು ನಾನು. ಅದು ಡೀಸೆಲ್ ಕಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮರೆತು ಅಲ್ಲ, ಗಡಿಬಿಡಿಯಲ್ಲಿ ಅಲ್ಲ — ಬೇಕೆಂದೇ ಹಾಕಿಸಿದೆ. ಆಮೇಲೆ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ಮೂರು ವರ್ಷದಿಂದ ನೀನು ಅದನ್ನು ನಂಬಿಕೊಂಡಿದ್ದೀಯ, ನಂಬಿಕೊಂಡಿರಲಿ ಎಂದು ನಾನೂ ಸುಮ್ಮನಿದ್ದೆ.

ಯಾಕೆ ಎಂದು ಕೇಳುತ್ತೀಯ. ಹೊಟ್ಟೆಕಿಚ್ಚು ಕಣೆ. ಇನ್ನೊಂದು ಮರ್ಯಾದಸ್ಥ ಹೆಸರು ಸಿಗುತ್ತದೇನೋ ಎಂದು ಹುಡುಕಿದೆ, ಸಿಗಲಿಲ್ಲ.

ಒಡಹುಟ್ಟಿದ ನಮ್ಮಿಬ್ಬರಲ್ಲಿ ಕಾರಿನವಳು ನಾನು. ಪಾಂಡವಪುರದಲ್ಲಿ ನಿನ್ನ ಭಾವ ಕಾರು ಕೊಂಡ ದಿನದಿಂದ ಅದು ನನ್ನ ಗತ್ತು — ಮದುವೆಗೋ ತಿಥಿಗೋ ಹೋಗುವಾಗ ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿ ನಿನ್ನನ್ನೂ ಅವ್ವನನ್ನೂ ಹತ್ತಿಸಿಕೊಳ್ಳುವುದು, ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಮಾತಾಡಿಸುವುದು. ಆದರೆ ಆ ಸ್ಟೇರಿಂಗನ್ನು ನಾನು ಒಂದು ದಿನವೂ ಮುಟ್ಟಿದವಳಲ್ಲ. ಕಲಿಯಲೇ ಎಂದು ನಿನ್ನ ಭಾವನನ್ನು ಒಮ್ಮೆ ಕೇಳಿದ್ದೆ. "ನಿಂಗ್ಯಾಕಮ್ಮಿ ಅವೆಲ್ಲ, ನಾನಿಲ್ವಾ" ಎಂದರು. ನನಗದು ಪ್ರೀತಿಯ ಮಾತಾಗಿಯೇ ಕೇಳಿಸಿತು, ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೇಳಿಕೊಂಡೂ ಬಂದೆ.

ನೀನೋ — ಗಂಡ ಹೋದ ಮೇಲೆ ಹೊಲಿಗೆ ಅಂಗಡಿ ನಡೆಸುತ್ತ, ಅವ್ವನನ್ನು ನೋಡಿಕೊಳ್ಳುತ್ತ, ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದೆ. ಅವ್ವನಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು. ನಾಗಮಂಗಲದಲ್ಲಿರುವ ಚಿಕ್ಕವ್ವನನ್ನು ನೋಡಬೇಕೆಂದು ವರ್ಷಗಳಿಂದ ಹಂಬಲಿಸುತ್ತಿದ್ದಳು. ನೀನು ಮೈಸೂರಿನಲ್ಲಿ ಮೂರು ದಿನಕ್ಕೆ ಒಂದು ಸಣ್ಣ ಡೀಸೆಲ್ ಕಾರು ಬಾಡಿಗೆಗೆ ಹಿಡಿದೆ. ಇದು ಕೈಗೆ ಒಗ್ಗಿದರೆ ಇಂಥದ್ದೇ ಒಂದು ಹಳೆಯ ಕಾರು ಕೊಳ್ಳುತ್ತೇನೆ ಎಂದೆ. ನನ್ನನ್ನೂ ಕರೆದೆ. ಒಳ್ಳೆಯ ಮನಸ್ಸಿನಿಂದಲೇ ಕರೆದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಬಾಡಿಗೆ ಕಾರಿಗೆ ಯಾರಾದರೂ ಪೂಜೆ ಮಾಡಿಸುತ್ತಾರೆಯೇ? ನೀನು ಗಂಜಾಂನಲ್ಲಿ ನಿಮಿಷಾಂಬೆಯ ಮುಂದೆ ನಿಲ್ಲಿಸಿ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಿಸಿದೆ. ಹೊಸ ಗಾಡಿಯಾ ಎಂದು ಪೂಜಾರಪ್ಪ ಕೇಳಿದರೆ, "ಬಾಡ್ಗೇದು ಸ್ವಾಮಿ. ಆದ್ರೂ ಮೂರ್ ದಿನ ನಮ್ದೇ ಅಲ್ವಾ" ಎಂದು ನಕ್ಕೆ. ಅವ್ವ ಬಾನೆಟ್ಟಿಗೆ ತಾನೇ ಕುಂಕುಮ ಹಚ್ಚಿದಳು. ನಿಂಬೆಹಣ್ಣು ಪಚ್ಚೆಂದು ಒಡೆಯುವಾಗ ನಾನು ಹಿಂದಿನ ಸೀಟಿನಲ್ಲಿ ಪರ್ಸಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿ ಕೂತಿದ್ದೆ.

ಹಿಂದಿನ ಸೀಟು. ಮುಂದೆ ಅವ್ವ, ಮಂಡಿ ಚಾಚಲು ಜಾಗ ಬೇಕಲ್ಲ. ಕೀಲಿ ತಿರುಗಿಸಿ, ಸ್ಟೇರಿಂಗಿನ ಹಿಂದೆ ಹೊತ್ತುವ ಸಣ್ಣ ಹಳದಿ ದೀಪ ಆರುವ ತನಕ ಕಾದು, ಆಮೇಲೆ ಸ್ಟಾರ್ಟ್ ಮಾಡುತ್ತಿದ್ದೆ ನೀನು. ಡೀಸೆಲ್ ಗಾಡಿಗೆ ಹೀಗೇ ಕಾಯಬೇಕು ಎಂದು ನಮಗೆ ಹೇಳಿಕೊಟ್ಟೆ. "ನಮ್ಮೂರ ಹಿಟ್ಟಿನ ಮಿಶಿನ್ ಇದ್ದಂಗದೆ" ಎಂದು ಅವ್ವ ಆ ಗಡಗಡ ಸದ್ದಿಗೆ ನಗುತ್ತಿದ್ದಳು. ನೀನು ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕುತ್ತಿದ್ದೆ, ಅದಕ್ಕೂ ಇಬ್ಬರೂ ನಗುತ್ತಿದ್ದಿರಿ.

ಇಷ್ಟನ್ನು ಹೇಗೋ ನುಂಗಿಕೊಂಡೆ. ಆ ರಾತ್ರಿ ಉಳಿಯಲು ಪಾಂಡವಪುರಕ್ಕೆ ಬಂದಾಗ, ನನ್ನ ಮನೆಯ ಬಾಗಿಲಲ್ಲೇ, ಪಕ್ಕದ ಮನೆ ಜಯಮ್ಮನಿಗೆ ಅವ್ವ ಹೇಳಿದಳು: "ನನ್ ಮಗ್ಳು ಕಣವ್ವ ಓಡ್ಸ್ಕಂಡ್ ಬಂದಿದ್ದು. ಗಂಡಸ್ರಿಗಿಂತ ವಾಸಿ." ಎಷ್ಟು ವರ್ಷ ನಾನು ಅವ್ವನನ್ನು ಕಾರಿನಲ್ಲಿ ಕರೆತಂದಿದ್ದೇನೆ. ಒಂದು ಸಲವೂ ನನ್ನ ಹೆಸರು ಬಂದಿರಲಿಲ್ಲ. "ಅಳೀಮಯ್ಯ ಕರ್ಕಂಬಂದ್ರು" — ಯಾವಾಗಲೂ ಅಷ್ಟೇ. ನನ್ನ ಗತ್ತೆಲ್ಲ ಬರೀ ಕೂತು ಬಂದವಳದ್ದು ಎಂದು ಆವತ್ತು ಗೊತ್ತಾಯಿತು, ನಿನ್ನ ಮೇಲೆ ಮೈಯೆಲ್ಲ ಉರಿಯಿತು.

ಮರುದಿನ ಬೂಕನಕೆರೆ ದಾಟಿ ಕೆ.ಆರ್. ಪೇಟೆಯ ಬಂಕಿಗೆ ಬಂದೆವು. "ಡೀಸೆಲ್ ಫುಲ್ ಮಾಡ್ಸಕ್ಕ, ಅವ್ವನ್ನ ಬಾತ್ರೂಮ್ಗೆ ಕರ್ಕಂಡೋಗ್ ಬತ್ತೀನಿ" ಎಂದು ಕೀಲಿ ನನ್ನ ಕೈಗಿಟ್ಟು ಹೋದೆ. ಹೌದು, ನೀನು ಡೀಸೆಲ್ ಎಂದೇ ಹೇಳಿದೆ. ನಿನ್ನ ಬಾಯಿ ತಪ್ಪಿರಲಿಲ್ಲ.

ಬಂಕಿನವನು ಬಂದು ಕೇಳಿದ. "ಪೆಟ್ರೋಲ್" ಎಂದೆ. ಟ್ಯಾಂಕಿನ ಮುಚ್ಚಳದ ಮೇಲಿನ ಸ್ಟಿಕ್ಕರ್ ಅರ್ಧ ಕಿತ್ತುಹೋಗಿತ್ತು. ಅದನ್ನು ನೋಡಿ, "ಡೀಸೆಲ್ ಅಂತ ಬರ್ದಂಗದಲ್ಲಕ್ಕ?" ಎಂದ. ಅಲ್ಲಿಗಾದರೂ ನಾನು —

"ಇಲ್ಲ ಕಣಪ್ಪ, ಪೆಟ್ರೋಲ್ ಗಾಡಿ" ಎಂದೆ.

ಏನಾಗಲಿ ಎಂದುಕೊಂಡಿದ್ದೆ? ದಾರಿಯಲ್ಲಿ ಒಂದು ಸಲ ಕೆಟ್ಟು ನಿಲ್ಲಲಿ. ಅಳೀಮಯ್ಯನೇ ವಾಸಿ ಎಂದು ಅವ್ವ ಒಂದು ಸಲ ಅನ್ನಲಿ. ಇಷ್ಟೇ.

ನಾಗಮಂಗಲದ ರಸ್ತೆಯಲ್ಲಿ ಕಾರು ಮೊದಲು ಮುಕ್ಕರಿಸಿತು, ಆಮೇಲೆ ನಿಂತೇ ಹೋಯಿತು. ನೀನು ಮತ್ತೆ ಮತ್ತೆ ಕೀಲಿ ತಿರುಗಿಸಿ, ಆ ದೀಪ ಆರಲಿ ಎಂದು ಕಾಯುತ್ತಿದ್ದೆ. ಮೆಕ್ಯಾನಿಕ್ ಬರುವ ತನಕ ಅವ್ವ ಬಿಸಿಲಲ್ಲಿ ಮೈಲಿಗಲ್ಲಿನ ಮೇಲೆ ಕೂತಿದ್ದಳು. ಅವನು ಟ್ಯಾಂಕು ಮೂಸಿ ನೋಡಿ, ಪೆಟ್ರೋಲ್ ಬಿದ್ದಿದೆ ಎಂದ. ನೀನು ನನ್ನ ಕಡೆ ತಿರುಗಿದೆ.

"ನಾನ್ ಡೀಸೆಲ್ ಅಂತ ಏಳ್ನಿಲ್ವಾ ಅಕ್ಕ?"

"ಇಲ್ಲ ಕಣೆ. ಪೆಟ್ರೋಲ್ ಅಂದೆ. ನೀ ಏಳ್ದಂಗೆ ಆಕ್ಸ್ದೆ."

ನಿನ್ನ ಮುಖ — ಅದನ್ನು ಬರೆಯಲು ಆಗುತ್ತಿಲ್ಲ. ನೀನು ಒಂದು ಮಾತು ವಾದ ಮಾಡಿದ್ದರೂ ನಾನು ಸಿಕ್ಕಿಬೀಳುತ್ತಿದ್ದೆ. ಅಕ್ಕ ಸುಳ್ಳು ಹೇಳುತ್ತಾಳೆ ಎಂಬುದು ನಿನ್ನ ತಲೆಗೇ ಬರಲಿಲ್ಲ. "ಬಾಯ್ತಪ್ಪಿ ಅಂದ್ಬುಟ್ನೇನೋ" ಎಂದೆ.

ನಿನ್ನ ಭಾವ ನಮ್ಮ ಕಾರು ತಂದು ಎಲ್ಲರನ್ನೂ ವಾಪಸ್ ಕರೆದುಕೊಂಡು ಬಂದರು. ನಾಗಮಂಗಲ ಅಲ್ಲಿಗೇ ನಿಂತಿತು. "ಸದ್ಯ, ಅಳೀಮಯ್ಯ ಬಂದ್ರು" ಎಂದಳು ಅವ್ವ. ಬಯಸಿದ ಮಾತು ಕೇಳಿದ್ದಾಯಿತು, ಖುಷಿಯೂ ಆಯಿತು. ಅದನ್ನೂ ಬಚ್ಚಿಡುವುದಿಲ್ಲ. ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲ, ಪೆಟ್ರೋಲು ಡೀಸೆಲ್ಲು ತಿಳಿಯದವಳು ಅವ್ವನನ್ನು ಕೂರಿಸಿಕೊಂಡು ಹೋಗಬಾರದು ಎಂದು ನೀನು ಅತ್ತಾಗ, "ಓಗ್ಲಿ ಬುಡು, ನಮ್ಗ್ಯಾಕೆ ಅವೆಲ್ಲ" ಎಂದು ನಿನ್ನ ಬೆನ್ನು ಸವರಿದೆ.

ನೀನು ಮತ್ತೆ ಮುಟ್ಟಲಿಲ್ಲ. ಅವ್ವ ಮನೆ ಬಿಟ್ಟು ಹೊರಡಲಿಲ್ಲ. ನಾವಾದರೂ ಕರೆದುಕೊಂಡು ಹೋಗಬಹುದಿತ್ತು — ನಿನ್ನ ಭಾವನಿಗೆ ಬಿಡುವಾಗಲಿಲ್ಲ, ನಾನು ಜೋರು ಮಾಡಲಿಲ್ಲ. ಹೋದ ತಿಂಗಳು ಚಿಕ್ಕವ್ವ ತೀರಿಕೊಂಡಳು. ಮಣ್ಣಿನ ದಿನ ನಮ್ಮ ಕಾರಿನಲ್ಲಿ ಬಂದ ಅವ್ವ ಅದೇ ನಾಗಮಂಗಲದಲ್ಲಿ, ಜೀವ ಇದ್ದಾಗ ಒಂದು ಸಲ ನೋಡಲಿಲ್ಲವಲ್ಲ ಎಂದು ಎದೆ ಬಡಿದುಕೊಂಡಳು. ನೀನು ಅವಳ ಕೈ ಹಿಡಿದು, "ನನ್ನಿಂದ್ಲೇ ಕಣವ್ವ ಇಂಗಾಗಿದ್ದು" ಎಂದೆ. ನಾನು ಪಕ್ಕದಲ್ಲೇ ಕೂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಭಾನುವಾರ ಬರುತ್ತೇನೆ. ಬಸ್ಸಿನಲ್ಲಿ, ಒಬ್ಬಳೇ. ಇದನ್ನೆಲ್ಲ ಅವ್ವನ ಮುಂದೆ ನನ್ನ ಬಾಯಿಂದಲೇ ಹೇಳುತ್ತೇನೆ. ಅವ್ವ ಏನಂದರೂ, ನೀನು ನನ್ನ ಪರವಾಗಿ ಮಾತಾಡಬೇಡ ಪ್ರೇಮಾ. ನೀನು ಮಾತಾಡುತ್ತೀಯ, ನನಗೆ ಗೊತ್ತು — ಅದನ್ನು ನೆನೆದರೆ ಈಗಲೂ ನಿನ್ನ ಮೇಲೆ ಹೊಟ್ಟೆಕಿಚ್ಚಾಗುತ್ತದೆ.