ಶಾರದೆಗೆ ಬಂದ ಸಂಬಂಧ

ಮೊನ್ನೆ ಆಟಿಯಲ್ಲಿ, ಎಂದರೆ ನಮ್ಮ ತುಳುನಾಡಿನ ಆಷಾಢದಲ್ಲಿ, ಮನೆಯ ತೀರಿಹೋದವರಿಗೆ ಬಡಿಸಲು ಎಲೆ ಹಾಕುವಾಗ ಒಂದು ಬಾಳೆಎಲೆ ಹೆಚ್ಚಾಯಿತು. ಎತ್ತಿಡಲು ಹೋದವಳಿಗೆ ಪಾಣೆಮಂಗಳೂರಿನ ದೊಡ್ಡಮ್ಮನ ನೆನಪು ಬಂತು.

ನಿಮಗೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ. ಐವತ್ತರ ದಶಕದಲ್ಲಿ ಅವರು ಮಾಸಪತ್ರಿಕೆಗೆ ಪ್ರೇತಗಳ ಕಥೆ, ಶನಿಗ್ರಹಕ್ಕೆ ಹೋಗಿಬಂದವರ ಕಥೆ ಬರೆಯುತ್ತಿದ್ದರು. ಮಕ್ಕಳಿರಲಿಲ್ಲ, ಗಂಡ ಬೇಗ ಹೋಗಿದ್ದರು. ಅವರ ಅಕ್ಷರ ಕೋಳಿ ಕೆದರಿದಂತೆ. ಚಂದಮಾಡಿ ಬರೆದುಕೊಡುವವಳು ನಾನು. ನಡುವೆ ನನ್ನದೂ ಎರಡು ವಿಶೇಷಣ ಸೇರಿಸುತ್ತಿದ್ದೆ. ಅವರು ಅವನ್ನು ಹೊಡೆದುಹಾಕುತ್ತಿದ್ದರು.

ಒಂದು ಕಥೆಯಲ್ಲಿ ಶಾರದೆ ಎಂಬ ಹುಡುಗಿ ಮಗುವಾಗಿದ್ದಾಗಲೇ ಸಿಡುಬಿನಲ್ಲಿ ಸತ್ತು, ಸತ್ತ ಮೇಲೂ ಬೆಳೆದು, ನೇತ್ರಾವತಿಯ ದೋಣಿ ಕಡವಿನಲ್ಲಿ ಗಂಡು ಹುಡುಕುತ್ತಾಳೆ. ಅಚ್ಚಾದ ತಿಂಗಳಲ್ಲೇ ಅಳದಂಗಡಿಯಿಂದ ಒಬ್ಬ ಅಜ್ಜಿ ತಮ್ಮನೊಂದಿಗೆ ಬಂದರು. ಶಾಲೆ ಮಾಸ್ಟ್ರಾದ ತಮ್ಮ ಕಥೆಯನ್ನು ಓದಿ ಹೇಳಿದ್ದರಂತೆ. ಅಜ್ಜಿಯ ಮಗ ಮೂರು ವರ್ಷಕ್ಕೇ ತೀರಿಹೋಗಿದ್ದ. ನಮ್ಮಲ್ಲಿ ಸತ್ತ ಮಕ್ಕಳಿಗೂ ಪ್ರಾಯ ಬಂದಾಗ ಮದುವೆ ಮಾಡಿಸುತ್ತಾರಲ್ಲ, ಅದಕ್ಕೇ ಬಂದದ್ದು.

"ಕನಸಲ್ಲಿ ಬಂದು ಒಂಟಿ ಆಗಿದ್ದೇನೆ ಅಂತಾನೆ," ಎಂದರು ಅಜ್ಜಿ. "ನಿಮ್ಮ ಶಾರದೆಗೆ ಎಲ್ಲಿಯಾದ್ರೂ ಸಂಬಂಧ ಗೊತ್ತಾಗಿದೆಯಾ?"

"ಅಜ್ಜಿ, ಅದು ಬರೀ ಕ..." ಎನ್ನುವಷ್ಟರಲ್ಲಿ ದೊಡ್ಡಮ್ಮ ನನ್ನನ್ನು ದುರುಗುಟ್ಟಿ ನೋಡಿದರು.

"ಹುಡುಗಿಯದ್ದು ಯಾವ ಬಳಿ?" ಅಜ್ಜಿಯ ತಮ್ಮ ಕೇಳಿದರು. ಬಳಿ ಎಂದರೆ ನಮ್ಮಲ್ಲಿ ಗೋತ್ರದ ಹಾಗೆ; ತಾಯಿಯ ಬಳಿಯೇ ಮಕ್ಕಳ ಬಳಿ, ಒಂದೇ ಬಳಿಯಲ್ಲಿ ಮದುವೆ ಇಲ್ಲ. ದೊಡ್ಡಮ್ಮ ತಮ್ಮದೇ ಬಳಿಯ ಹೆಸರು ಹೇಳಿದರು.

"ನಮ್ಮದು ಬೇರೆ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರು ಹೋದ ಮೇಲೆ ನಾನು ಜಗಳಕ್ಕೆ ನಿಂತೆ. "ಸುಳ್ಳು ಹೇಳಿದ್ರಲ್ಲ ದೊಡ್ಡಮ್ಮ."

"ಇಷ್ಟು ವರ್ಷ ಸುಳ್ಳೇ ಬರೆದದ್ದು ಮಾರಾಯ್ತಿ. ಒಂದಾದ್ರೂ ಯಾರದ್ದಾದ್ರೂ ಉಪಯೋಗಕ್ಕೆ ಬರಲಿ."

ಆ ಆಟಿಯಲ್ಲೇ ಮದುವೆಯಾಯಿತು, ಸತ್ತವರ ಮದುವೆಗೆ ಅದೇ ತಿಂಗಳು. ದೊಡ್ಡಮ್ಮ ಕೆಂಪು ಸೀರೆ, ಕರಿಮಣಿ ಒಯ್ದರು. ನನಗೆ ಊಟದ ಪಾಯಸವೇ ಹೆಚ್ಚು ನೆನಪಿದೆ, ನಾಚಿಕೆಯಾಗುತ್ತದೆ. ಹಿಂದಿರುಗುವ ಬಸ್ಸಿನಲ್ಲಿ ಅವರು ಅಳುತ್ತಿದ್ದರು. ಏನಾಯಿತೆಂದು ಕೇಳಿದರೆ, "ಮಗಳನ್ನು ಕೊಟ್ಟು ಬಂದದ್ದಲ್ವಾ," ಎಂದರು. ಶಾರದೆಯ ಇನ್ನೊಂದು ಕಥೆ ಬೇಕೆಂದು ಪತ್ರಿಕೆಯವರು ಎಷ್ಟು ಕೇಳಿದರೂ ಬರೆಯಲಿಲ್ಲ. "ಅವಳೀಗ ಸಂಸಾರಸ್ಥೆ," ಎಂದುಬಿಟ್ಟರು.

ಮೊನ್ನೆ ನನ್ನ ಮಗಳು ಕೇಳಿದಳು, "ಈ ಎಲೆ ಯಾರಿಗಮ್ಮ?"

"ನಿನ್ನ ಅಜ್ಜಿಯ ಅಕ್ಕನ ಮಗಳಿಗೆ. ಮದುವೆಯಾದವರು ಆಟಿಗೆ ತವರಿಗೆ ಬರ್ತಾರಲ್ಲ," ಎಂದೆ. ಆ ಎಲೆಯನ್ನು ದೊಡ್ಡಮ್ಮನ ಎಲೆಯ ಪಕ್ಕದಲ್ಲೇ ಹಾಕಿ ಬಡಿಸಿದೆ.