ಪದ್ಮವ್ವನ ಗೂಡಿನಲ್ಲಿ ಬೆಳೆಯುವ ಹರಳು

ಬೆಳಕು ಹರಿಯುವ ಹೊತ್ತು. ಖಾನಾಪುರದ ತಮ್ಮ ಮಣ್ಣಿನ ಮನೆಯಲ್ಲಿ ಪದ್ಮವ್ವ ತುಂಬಿದ ಕೊಡ ಇಳಿಸುತ್ತಾರೆ. ಸದ್ದೇ ಆಗುವುದಿಲ್ಲ, ನೆಲದ ಮೇಲೆ ಮೊದಲೇ ಬಟ್ಟೆಯ ಸಿಂಬಿ ಇಟ್ಟಿದ್ದಾರೆ. ಕದ ದಡಕ್ಕನೆ ಬಡಿದುಕೊಳ್ಳದಂತೆ ಸಂದಿಗೆ ಗೋಣಿತಾಟು ಸಿಕ್ಕಿಸಿದ್ದಾರೆ. ಆಮೇಲೆ ಒಳಕೋಣೆಗೆ ಹೋಗಿ, ಗೋಡೆಯ ಗೂಡಿಗೆ ಕಟ್ಟಿದ ಪರದೆ ಸರಿಸಿ, ಭೂತಗನ್ನಡಿ ಹಿಡಿದು ಬಾಗುತ್ತಾರೆ. ಮುಟ್ಟುವುದಿಲ್ಲ.

“ಇನ್ನೂ ನೀರಾಗೇ ಐತಿ,” ಎಂದು ಪಿಸುಗುಡುತ್ತಾರೆ. “ಅವಸರ ಮಾಡಿದ್ರ ಉಸುಕ ಆಗಿ ಕೂಡತೈತ್ರಿ.”

ಗೂಡಿನಲ್ಲಿರುವುದು ಹನಿಗಳು. ಗಾಜಿನ ಬಿಲ್ಲೆಗೆ ಅಂಟಿ, ಉಪ್ಪುನೀರಿನ ಪುಟ್ಟ ಬಟ್ಟಲುಗಳ ಮೇಲೆ ತಲೆಕೆಳಗಾಗಿ ತೂಗುವ ಹನಿಗಳು. ಅವುಗಳಲ್ಲಿ ಕರಗಿರುವುದು ಕಿಣ್ವ. ಹನಿಯ ನೀರು ಮೆಲ್ಲಗೆ ಆರುತ್ತ ಹೋದಂತೆ ಕಿಣ್ವದ ಕಣಗಳು ಸಾಲುಗೂಡಿ ಹರಳಾಗಬೇಕು. ಅಂಥ ಹರಳು ಸಿಕ್ಕರೆ ಎಕ್ಸ್‌ರೇ ಹಾಯಿಸಿ ಕಿಣ್ವದ ಒಳರೂಪ ತಿಳಿಯಬಹುದು. ಈ ಕಿಣ್ವದ ತವರೋ, ಹಬೆಯಾಡುವ ತಿಪ್ಪೆ! ಅಲ್ಲಿನ ಕೈ ಇಡಲಾಗದ ಬಿಸಿಯಲ್ಲೇ ಸುಖವಾಗಿರುವ ಬ್ಯಾಕ್ಟೀರಿಯಾಗಳಿಂದ ಅದನ್ನು ತೆಗೆಯುತ್ತಾರೆ.

ಪದ್ಮವ್ವ 1974ರಲ್ಲಿ ಟಿಳಕವಾಡಿಯ ಪ್ರಯೋಗಾಲಯವೊಂದಕ್ಕೆ ಗಾಜಿನ ಸಾಮಾನು ತೊಳೆಯಲು ಸೇರಿದವರು. ಹನ್ನೆರಡು ವರ್ಷದಿಂದ ರೈಲಿನಲ್ಲೇ ಓಡಾಟ. ಸಂಶೋಧಕ ಬಿಂದುಮಾಧವರು ಅವರಿಗೆ ಹನಿ ಇಡುವುದನ್ನೂ ಕಲಿಸಿದರು. ಆದರೆ ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿ ಹೋದಾಗಲೆಲ್ಲ ಅಲ್ಲಿ ನೆಲ ನಡುಗುತ್ತಿತ್ತು. ಒಂದು ದೊಡ್ಡ ಹರಳಿನ ಬದಲು ಬರೀ ಪುಡಿ. ಮಚ್ಛೆ ಎಂಬ ಊರಿನ ಗೋದಾಮಿನಲ್ಲಿಟ್ಟು ನೋಡಿದರೆ ಪಕ್ಕದ ಕಾರ್ಖಾನೆಯ ಯಂತ್ರ ಕುಟ್ಟತೊಡಗಿತು.

“ಈ ಕಿಣ್ವ ಬಿಸಿಗೆ ಹೆದರೂದಿಲ್ಲ, ಫ್ರಿಜ್ ಇಲ್ಲದನೂ ತಡೀತದ. ಹರಳು ಮಾತ್ರ ಅಲುಗಾಟ ತಡ್ಯೂದಿಲ್ಲ,” ಎನ್ನುತ್ತಾರೆ ಬಿಂದುಮಾಧವ. “ಪದ್ಮವ್ವನ ಮನಿ ಗ್ವಾಡಿ ಎರಡ ಮೊಳ ದಪ್ಪ ಅದ. ಬ್ಯಾಸಿಗ್ಯಾಗೂ ತಂಪು. ರೈಲಿನ ಹಳಿನೂ ದೂರ.” ಹಾಗೆ ಹನಿಗಳು ಖಾನಾಪುರಕ್ಕೆ ಬಂದವು.

ಕಳೆದ ಬೇಸಿಗೆಯಲ್ಲಿ ಕೊನೆಗೂ ಒಂದು ಹರಳು ಮೂಡಿತು. ಎಳ್ಳುಕಾಳಿಗಿಂತ ಚಿಕ್ಕದು; ಇನ್ನೂ ತುಸು ಬೆಳೆಯಬೇಕಿತ್ತು. ಶುದ್ಧಮಾಡಿದ ಕಿಣ್ವ ಅಷ್ಟಕ್ಕೇ ಮುಗಿದಿತ್ತು. ಇದು ಕೆಟ್ಟರೆ ಬೆಂಗಳೂರಿನ ಎಕ್ಸ್‌ರೇ ಯಂತ್ರದಲ್ಲಿ ಸಿಕ್ಕಿದ್ದ ಸರದಿಯೂ ಕೈತಪ್ಪಿದಂತೆಯೇ. ಅದೇ ವಾರ ಮಗಳು ಕಾಂತಾಳ ಮದುವೆ!

ಅಂಗಳದಲ್ಲಿ ಹಂದರದ ಕಂಬಕ್ಕೆ ಹಾರೆ ಹಾಕಬೇಡಿರೆಂದರು ಪದ್ಮವ್ವ. ಹಂದರ ಹಿಂದಿನ ಓಣಿಗೆ, ಮೈದುನನ ಅಂಗಳಕ್ಕೆ ಹೋಯಿತು. ಅರಿಶಿನ ಕುಟ್ಟಿದ್ದೂ ಅಲ್ಲಿಯೇ. ಮೈದುನನ ಹೆಂಡತಿ ಅಕ್ಕವ್ವ ಸುಮ್ಮನಿರಲಿಲ್ಲ: “ಯಕ್ಕಾ, ಹೊಟ್ಟಿಲೆ ಹಡದ ಮಗಳಿಗಿಂತ ಆ ಹನಿ ಹೆಚ್ಚಾತೇನ? ನಾಳಿ ಅದಕ್ಕೂ ಒಂದ ವರಾ ಹುಡುಕ್ತಿ ಬಿಡು!”

ಪದ್ಮವ್ವ ನಕ್ಕುಬಿಟ್ಟರು. ಕಾಂತಾ ಮಾತ್ರ ತಾಯಿಯೊಡನೆ ಮಾತು ಬಿಟ್ಟಳು.

“ಅಕಿ ಸಿಟ್ಟು ಖರೇನ ಇತ್ರಿ,” ಎನ್ನುವಾಗ ಪದ್ಮವ್ವನ ದನಿ ಇಳಿಯುತ್ತದೆ. “ತನ್ನ ಮನಿ ಮುಂದ ಹಂದರ ಇಲ್ಲಂದ್ರ ಯಾ ಹೆಣ್ಣಮಗಳಿಗೆ ಸಂಕಟ ಆಗೂದಿಲ್ಲ? ಎಲ್ಲಾ ತಗದ ಒಗದಬಿಡ್ಲಿ ಅನಸ್ತು, ಒಂದ ಸಲ.”

ಮದುವೆಯ ದಿನ ಮದುಮಗಳನ್ನು ಹಂದರಕ್ಕೆ ಕರೆದೊಯ್ಯಲು ಬೀಗರು ಹಲಗೆ ಬಾರಿಸುವವರನ್ನು ಮುಂದಿಟ್ಟುಕೊಂಡು ಬಂದರು. ತವರಿನ ಬಾಗಿಲಲ್ಲಿ ಹಲಗೆ ಮೊಳಗಬೇಕು. ಅದು ಎರಡೂ ಮನೆಗಳ ಮರ್ಯಾದೆ. ಪದ್ಮವ್ವ ಬೇಡವೆನ್ನುವುದು ಹೇಗೆ? ಅಷ್ಟರಲ್ಲಿ ಬಾಸಿಂಗ ಕಟ್ಟಿಕೊಂಡಿದ್ದ ಕಾಂತಾಳೇ ಹೊರಗೆ ಬಂದು, ಓಣಿಯ ತಿರುವಿನಲ್ಲೇ ಹಲಗೆಯವರಿಗೆ ಕೈ ಅಡ್ಡ ಮಾಡಿದಳು.

“ಯಾಕ ತಂಗಿ, ಮನ್ಯಾಗ ಯಾರರೆ ತೀರ್ಕೊಂಡಾರೇನು?” ಬೀಗರಲ್ಲೊಬ್ಬ ಹಿರಿಯರು ಕೇಳಿದರು.

“ಇಲ್ರಿ ಮಾವಾರ, ಒಳಗ ಒಬ್ಬಾಕಿ ಇನ್ನೂ ಹುಟ್ಟಾಕತ್ಯಾಳ,” ಎಂದಳು ಕಾಂತಾ. “ಹಂದರದಾಗ ಬಾರಸ್ರಿ, ಎಷ್ಟ ಬೇಕಾದ್ರೂ ಬಾರಸ್ರಿ.”

ಇಡೀ ದಿಬ್ಬಣ ಸದ್ದಿಲ್ಲದೆ ಓಣಿ ದಾಟಿತು. ಪದ್ಮವ್ವ ಸೆರಗನ್ನು ಬಾಯಿಗೊತ್ತಿಕೊಂಡು ಹಿಂದೆ ನಡೆದರು.

ಹರಳು ಕೆಡಲಿಲ್ಲ. ಬೆಳೆದ ಮೇಲೆ ಅದನ್ನು ಕೂದಲೆಳೆಯಂಥ ಗಾಜಿನ ನಳಿಗೆಯೊಳಕ್ಕೆ ಎಳೆದು, ಎರಡೂ ತುದಿಗೆ ಮೇಣ ಹಚ್ಚಿದವರು ಪದ್ಮವ್ವನೇ. ಬಿಂದುಮಾಧವರು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬೆಂಗಳೂರಿಗೆ ಒಯ್ದರು. ಎಕ್ಸ್‌ರೇ ಫಿಲ್ಮಿನ ಮೇಲೆ ಚುಕ್ಕಿಗಳು ಸಾಲುಸಾಲಾಗಿ ಮೂಡಿವೆಯಂತೆ. ಈಗ ಗೂಡಿನಲ್ಲಿ ಹೊಸದಾಗಿ ಶುದ್ಧಮಾಡಿದ ಕಿಣ್ವದ ಹನಿಗಳಿವೆ.

ಆ ಚುಕ್ಕಿಗಳ ಅರ್ಥ ಪದ್ಮವ್ವನಿಗೆ ಗೊತ್ತಿಲ್ಲ. ಗೊತ್ತಿಲ್ಲವೆನ್ನಲು ಸಂಕೋಚವೂ ಇಲ್ಲ. ಆಸೆ ಒಂದೇ.

“ಆ ಹರಳಿನ ಚುಕ್ಕಿದು ಒಂದ ಫೋಟೋ ಕೊಡ್ರಿ ಅಂತ ಸರ್‌ಗೆ ಹೇಳೇನಿ. ಕಟ್ಟು ಹಾಕ್ಸಿ ಕಾಂತಾನ ಲಗ್ನದ ಫೋಟೋದ ಬಾಜೂಕ ತೂಗಹಾಕ್ತೇನಿ. ಇಬ್ರೂ ಇದ ಹೊಸ್ತಲಾ ದಾಟಿ ಹೋದವ್ರಲ್ರಿ.”